ಪೆಟ್ಟಿಗೆ ಒಂದು ಬಸ್ಸಿಗೆ, ಕೀಲಿಕೈ ಇನ್ನೊಂದಕ್ಕೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಕ್ ಮ್ಯಾನೇಜರರ ಉತ್ತರ, ಬಾಗಲಕೋಟೆಯ ನವನಗರದಿಂದ

ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ ಎಂದು ಕಳೆದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ಮೇಜಿನ ಮೇಲೆ ಕುಳಿತಿದೆ. ಬಹಳ ಜನ ಕೇಳಿರುವುದು ಒಂದೇ ಮಾತು: "ಕಳಿಸಬಾರದು, ಸರಿ. ಹಾಗಾದರೆ ಹೇಗೆ ಕಳಿಸಬೇಕು?" ನ್ಯಾಯವಾದ ಪ್ರಶ್ನೆ. ಬೇಡ ಎನ್ನುವುದಕ್ಕೆ ಖರ್ಚಿಲ್ಲ. ಮೂವತ್ತೊಂದು ವರ್ಷ ಸಾಲ ಕೇಳಿ ಬಂದವರಿಗೆ ಅದನ್ನೇ ಹೇಳಿ ಸಂಬಳ ಪಡೆದವನು ನಾನು. ಈ ಸಲ ಹೇಗೆ ಎಂಬುದನ್ನು ಬರೆಯುತ್ತೇನೆ.

ಪ್ರಶ್ನೆ: ಮ್ಯಾನೇಜರ್ ಸಾಹೇಬರಿಗೆ ಶರಣು. ನಮ್ಮದು ಸೀರೆ ಅಂಗಡಿ. ನಾನು, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ ಕೂಡಿ ನಡೆಸುತ್ತೇವೆ. ಕಿರಿಯವನು ಬೆಂಗಳೂರಿನಲ್ಲಿದ್ದು ಆನ್‌ಲೈನ್ ಮಾರಾಟ ನೋಡಿಕೊಳ್ಳುತ್ತಾನೆ. ಅಂಗಡಿಯಲ್ಲಿ ಒಂದು ಕಂಪ್ಯೂಟರ್, ನಮ್ಮ ಕೈಗಳಲ್ಲಿ ನಾಲ್ಕು ಮೊಬೈಲ್. ಜಿಎಸ್‌ಟಿ, ಇ-ವೇ ಬಿಲ್, ಇ-ಮೇಲ್, ಕೊರಿಯರ್, ಬ್ಯಾಂಕ್ ಎಲ್ಲದರ ಪಾಸ್‌ವರ್ಡ್‌ಗಳನ್ನೂ 'ಅಂಗಡಿ' ಎಂಬ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿಟ್ಟಿದ್ದೇವೆ. ನಮ್ಮ ಗುಮಾಸ್ತನೂ ಆ ಗುಂಪಿನಲ್ಲಿದ್ದ. ದೀಪಾವಳಿಗೆ ಕೆಲಸ ಬಿಟ್ಟ, ಗುಂಪಿನಿಂದ ತೆಗೆದೆವು. ಇನ್ನು ಭಯವಿಲ್ಲವಲ್ಲ?
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಸಾಹುಕಾರರೇ, ಭಯವಿದೆ. ನೀವು ತೆಗೆದದ್ದು ಗುಮಾಸ್ತನನ್ನು, ಅವನ ಮೊಬೈಲಿನಲ್ಲಿ ಕುಳಿತಿರುವ ಹಳೆಯ ಸಂದೇಶಗಳನ್ನಲ್ಲ. ಅವನು ಪ್ರಾಮಾಣಿಕನೇ ಇರಬಹುದು. ಆದರೆ ನಾಳೆ ಅವನು ಆ ಮೊಬೈಲನ್ನು ಮಾರಬಹುದು, ದುರಸ್ತಿಗೆ ಕೊಡಬಹುದು, ಸಂತೆಯಲ್ಲಿ ಕಳೆದುಕೊಳ್ಳಬಹುದು. ಈ ಪತ್ರಿಕೆ ಮಡಿಸಿಡುವ ಮೊದಲು ಅವನಿಗೆ ಗೊತ್ತಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ. ಮೊದಲು ಇ-ಮೇಲ್‌ನದು. ಉಳಿದ ಖಾತೆಗಳಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹೊಸದನ್ನು ಮಾಡಿಕೊಳ್ಳುವ ಪತ್ರ ಬರುವುದು ಅಲ್ಲಿಗೇ. ಇ-ಮೇಲ್ ಯಾರ ಕೈಯಲ್ಲಿದೆಯೋ ಅಂಗಡಿ ಅವರದು.

ವಾಟ್ಸ್‌ಆ್ಯಪ್ ಸಂದೇಶ ದಾರಿಯಲ್ಲಿ ಸುರಕ್ಷಿತವೇ. 2016ರಿಂದ ಕಳಿಸುವವನ ಮೊಬೈಲಿನಿಂದ ಪಡೆಯುವವನ ಮೊಬೈಲಿನವರೆಗೆ ಅದು ಗೂಢಲಿಪಿಯಲ್ಲೇ ಹೋಗುತ್ತದೆ. ತೊಂದರೆ ಇರುವುದು ತಲುಪಿದ ಮೇಲೆ. ನಾಲ್ಕು ಮೊಬೈಲಿನಲ್ಲಿ ಬಿಚ್ಚಿಕೊಂಡು ಬಿದ್ದಿರುತ್ತದೆ, ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದೇ ಇರುತ್ತದೆ, ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ನಲ್ಲಿಯೂ ಇರುತ್ತದೆ. ಆ ಬ್ಯಾಕಪ್‌ಗೆ ಪೂರ್ಣ ರಕ್ಷಣೆ ಕೊಡುವ ಸೌಲಭ್ಯ 2021ರಲ್ಲಿ ಬಂದಿದೆ. ಅದನ್ನು ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಚಾಲೂ ಮಾಡಬೇಕು. ಮಾಡಿದವರನ್ನು ನಾನಿನ್ನೂ ಕಂಡಿಲ್ಲ.

ಈಗ ಒಂದು ಹಳೆಯ ಕಥೆ ಹೇಳುತ್ತೇನೆ, ಸಹಿಸಿಕೊಳ್ಳಿ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ತೆರೆಯುವುದಕ್ಕೆ ಕೀಲಿಕೈ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ: ಒಂದು ಮ್ಯಾನೇಜರ್ ಬಳಿ, ಇನ್ನೊಂದು ಕ್ಯಾಶಿಯರ್ ಬಳಿ. ಎರಡೂ ಕೂಡದೆ ಬಾಗಿಲು ಅಲುಗದು. ಇವುಗಳ ನಕಲು ಜೋಡಿಯನ್ನು ಮೊಹರು ಮಾಡಿ ಬೇರೆ ಶಾಖೆಯಲ್ಲಿ ಇಟ್ಟಿರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಬಾದಾಮಿ ತಾಲ್ಲೂಕಿನ ಒಂದು ಸಣ್ಣ ಶಾಖೆಯಲ್ಲಿದ್ದಾಗ ನಮ್ಮ ಕ್ಯಾಶಿಯರ್ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದರು. ರಾತ್ರಿಯಿಡೀ ನಾಟಕ ನೋಡಿ ಅಲ್ಲಿಯೇ ಬೀಗರ ಮನೆಯಲ್ಲಿ ಮಲಗಿಬಿಟ್ಟರು, ಕೀಲಿಕೈ ಉಡಿದಾರದಲ್ಲಿ. ಬೆಳಿಗ್ಗೆ ಬ್ಯಾಂಕಿನ ಕಟ್ಟೆಯ ಮೇಲೆ ಪಿಂಚಣಿಯ ಮುದುಕರು ಸಾಲಾಗಿ ಕುಳಿತಿದ್ದಾರೆ, ಒಳಗೆ ನಾನು ಅರ್ಧ ಕೀಲಿಕೈ ಹಿಡಿದುಕೊಂಡು ಕುಳಿತಿದ್ದೇನೆ. ಜವಾನನನ್ನು ಬಸ್ಸು ಹತ್ತಿಸಿ ಕಳಿಸಿ, ಕ್ಯಾಶಿಯರರನ್ನು ಎಬ್ಬಿಸಿ ಕರೆತರುವ ಹೊತ್ತಿಗೆ ಮಧ್ಯಾಹ್ನ. ನಕಲು ಜೋಡಿ ತರಿಸಬಹುದಿತ್ತಲ್ಲ ಎಂದು ಮೇಲಿನವರು ಕೇಳಿದರು. ಅದನ್ನು ಇಟ್ಟಿದ್ದ ಶಾಖೆ ಇನ್ನೂ ದೂರ.

ನಿಮ್ಮ ಅಂಗಡಿಯ ಪಾಸ್‌ವರ್ಡ್‌ಗಳ ಸಂಕಟವೂ ಇದೇ. ಒಬ್ಬನ ತಲೆಯಲ್ಲಷ್ಟೇ ಇದ್ದರೆ ಅವನು ಜಾತ್ರೆಗೆ ಹೋದ ದಿನ ವ್ಯಾಪಾರ ನಿಲ್ಲುತ್ತದೆ. ಎಲ್ಲರ ಕಿಸೆಯಲ್ಲೂ ಇದ್ದರೆ ಕಳುವಾದ ದಿನ ಯಾರನ್ನೂ ಕೇಳುವ ಹಾಗಿಲ್ಲ.

ಹಂಚುವ ಮೊದಲು, ಹಂಚದೆ ಸಾಗುತ್ತದೆಯೇ ನೋಡಿ. ಸರಕು ಸಾಗಣೆಯ ಚೀಟಿ ಮಾಡುವ ಇ-ವೇ ಬಿಲ್ ಜಾಲತಾಣದಲ್ಲಿ ಮುಖ್ಯ ಖಾತೆಯ ಕೆಳಗೆ ಉಪಬಳಕೆದಾರರನ್ನು ಮಾಡಬಹುದು. 50,000 ರೂಪಾಯಿ ಮೀರಿದ ಸೀರೆ ಗಂಟು ಹೊರಟಾಗ ಬಿಲ್ ಮಾಡುವ ಹುಡುಗನಿಗೆ ಅವನದೇ ಹೆಸರು, ಅವನದೇ ಪಾಸ್‌ವರ್ಡ್. ಅವನು ಬಿಟ್ಟುಹೋದ ದಿನ ಅದೊಂದನ್ನೇ ರದ್ದು ಮಾಡಿದರೆ ಸಾಕು, ಮನೆಮಂದಿಯೆಲ್ಲ ಹೊಸ ಪಾಸ್‌ವರ್ಡ್ ಬಾಯಿಪಾಠ ಮಾಡಬೇಕಾಗಿಲ್ಲ. ಅಂಗಡಿಯ ಚಾಲ್ತಿ ಖಾತೆಗೂ ಹೀಗೆಯೇ ಒಬ್ಬರು ಪಾವತಿ ತಯಾರಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆಯನ್ನು ಬ್ಯಾಂಕಿನಲ್ಲಿ ಕೇಳಿ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಯುಪಿಐ ಪಿನ್ ಇವೆರಡನ್ನು ಮಗನಿಗೂ ಹೇಳಬೇಡಿ. ಸಂಬಂಧ ಕೆಡಿಸುವ ಮಾತಲ್ಲ ಇದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಈ ಗುಟ್ಟನ್ನು ಹಂಚಿಕೊಂಡು ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ಕೌಂಟರಿನ ಈಚೆ ಕುಳಿತು ಆ ಮಾತನ್ನು ಹೇಳುವುದು ಕಷ್ಟ, ಆಚೆ ನಿಂತು ಕೇಳುವುದು ಅದಕ್ಕಿಂತ ಕಷ್ಟ.

ಉಳಿದವುಗಳಿಗೆ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಬೇಕು. (ನನ್ನ ಹುದ್ದೆಯ ಹೆಸರನ್ನೇ ಕದ್ದಿದೆ, ಇರಲಿ.) ಇದೊಂದು ಪೆಟ್ಟಿಗೆ. ಒಳಗೆ ನೂರು ಪಾಸ್‌ವರ್ಡ್, ಜೊತೆಗೆ ಗುಟ್ಟಿನ ಟಿಪ್ಪಣಿಗಳು. ಹೊರಗೆ ಒಂದೇ ಮುಖ್ಯ ಪಾಸ್‌ವರ್ಡ್. ಬಿಟ್‌ವಾರ್ಡನ್ ಎಂಬುದು 2016ರಿಂದ ಇದೆ, ಆ ತಂತ್ರಾಂಶವನ್ನು ಹೇಗೆ ಬರೆದಿದ್ದಾರೆ ಎಂಬುದನ್ನು (ನಿಮ್ಮ ಪಾಸ್‌ವರ್ಡ್‌ಗಳನ್ನಲ್ಲ) ಯಾರು ಬೇಕಾದರೂ ಪರೀಕ್ಷಿಸಬಹುದು. ಒಬ್ಬರು ಎಷ್ಟು ಮೊಬೈಲ್, ಎಷ್ಟು ಕಂಪ್ಯೂಟರಿನಲ್ಲಿ ಬಳಸಿದರೂ ಉಚಿತ. ಇಬ್ಬರು ಹಂಚಿಕೊಳ್ಳುವವರೆಗೂ ಉಚಿತ. ನಾಲ್ವರಾದರೆ ಹಣ ಕೊಡಬೇಕು, ಕುಟುಂಬದ ಯೋಜನೆಯಲ್ಲಿ ಆರು ಜನರವರೆಗೆ ಸೇರಬಹುದು. ಪ್ರತಿಯೊಬ್ಬರಿಗೂ ಸ್ವಂತ ಪೆಟ್ಟಿಗೆ, ನಡುವೆ ಅಂಗಡಿಯ ಹಂಚಿಕೆಯ ಪೆಟ್ಟಿಗೆ. ಬೆಂಗಳೂರಿನ ಮಗ ಕೊರಿಯರ್ ಪಾಸ್‌ವರ್ಡ್ ಬದಲಾಯಿಸಿದರೆ ಇಳಕಲ್ಲಿನಲ್ಲಿ ಸೊಸೆಯ ಮೊಬೈಲಿಗೂ ಹೊಸದು ಬಂದು ಕೂರುತ್ತದೆ, ಕೂಗಿ ಹೇಳಬೇಕಾಗಿಲ್ಲ.

"ಕಂಪನಿಯವರು ಓದುವುದಿಲ್ಲವೇ?" ಎಂದು ನೀವು ಕೇಳಿಯೇ ಕೇಳುತ್ತೀರಿ. ಪೆಟ್ಟಿಗೆಗೆ ಕೀಲಿ ಬೀಳುವುದು ನಿಮ್ಮ ಮೊಬೈಲಿನಲ್ಲೇ. ಅವರ ಬಳಿಗೆ ಹೋಗುವುದು ಕೀಲಿ ಬಿದ್ದ ಪೆಟ್ಟಿಗೆ. ನಿಮ್ಮ ಮುಖ್ಯ ಪಾಸ್‌ವರ್ಡನ್ನು ಶೇಂಗಾ ಚಟ್ನಿ ಕುಟ್ಟಿದಂತೆ ಗಣಿತದ ಒರಳಿನಲ್ಲಿ ಲಕ್ಷಗಟ್ಟಲೆ ಸಲ ಕುಟ್ಟಿ ಅದರಿಂದ ಕೀಲಿಕೈ ತಯಾರಿಸುತ್ತಾರೆ. ಬಿಟ್‌ವಾರ್ಡನ್ 2023ರಲ್ಲಿ ಇದನ್ನು 6 ಲಕ್ಷ ಸಲಕ್ಕೆ ಏರಿಸಿತು. ನಿಮಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಊಹಿಸಿ ನೋಡುವ ಕಳ್ಳನಾದರೋ ಒಂದೊಂದು ಊಹೆಗೂ ಅಷ್ಟೇ ಕುಟ್ಟಬೇಕು. ಆದರೆ ಪಾಸ್‌ವರ್ಡೇ ಪೊಳ್ಳಾದರೆ ಕುಟ್ಟಿ ಫಲವಿಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳನ್ನೇ ನಕಲು ಮಾಡಿ ಹೊತ್ತೊಯ್ದರು. ಯಾವ ಯಾವ ಜಾಲತಾಣಗಳ ಪಾಸ್‌ವರ್ಡ್ ಒಳಗಿದೆ ಎಂಬ ವಿಳಾಸಗಳಿಗೆ ಗೂಢಲಿಪಿಯೂ ಇರಲಿಲ್ಲ. ಗಟ್ಟಿ ಮುಖ್ಯ ಪಾಸ್‌ವರ್ಡ್ ಇದ್ದವರಿಗೆ ಒಂದಷ್ಟು ಸಮಾಧಾನವಿತ್ತು; ಉಳಿದವರು ಎಲ್ಲವನ್ನೂ ಬದಲಾಯಿಸುತ್ತ ಕುಳಿತರು.

ಗಟ್ಟಿ ಎಂದರೆ ಉದ್ದ. ಮೊಮ್ಮಗನ ಹೆಸರಿನ ಮುಂದೆ ಅಟ್ ಚಿಹ್ನೆ, 123 ಅಂಟಿಸುವುದು ಗಟ್ಟಿಯಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸೇರಿಸಿ: 'ತಗಡು ಗುಬ್ಬಿ ಸೈಕಲ್ ಉಪ್ಪು ಗಡಿಯಾರ ಮೊಣಕೈ' ಎಂಬ ಹಾಗೆ. ಪದಗಳನ್ನು ನೀವು ಆರಿಸಬಾರದು, ದಾಳ ಆರಿಸಬೇಕು. ಒಂದು ದಾಳವನ್ನು ಐದು ಸಲ ಉರುಳಿಸಿದರೆ 7,776 ಬಗೆಯ ಫಲಿತಾಂಶ; ಅಷ್ಟು ಪದಗಳ ಪಟ್ಟಿಯಿಂದ ಒಂದೊಂದೇ ಪದ ಎತ್ತುವ ಈ ಪದ್ಧತಿ 1995ರಿಂದ ಇದೆ, ಹೆಸರು ಡೈಸ್‌ವೇರ್. ಇಷ್ಟೆಲ್ಲ ಬೇಡವೆಂದರೆ ಮನೆಯ ನಿಘಂಟನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟ ಪದ ತೆಗೆದುಕೊಳ್ಳಿ, ಪಟ್ಟಿಯಷ್ಟು ಶುದ್ಧವಲ್ಲದಿದ್ದರೂ ಮೊಮ್ಮಗನ ಹೆಸರಿಗಿಂತ ಎಷ್ಟೋ ವಾಸಿ. ನಾನು ಇಲ್ಲಿ ಅಚ್ಚು ಹಾಕಿಸಿದ ಆರು ಪದಗಳನ್ನು ಬಳಸಬೇಡಿ, ಸಾವಿರಾರು ಜನ ಓದಿದ್ದಾರೆ.

ಕನ್ನಡ ಪದಗಳನ್ನು ಕನ್ನಡ ಲಿಪಿಯಲ್ಲಿ ಹೊಡೆಯಬೇಡಿ ಎನ್ನಲು ನನಗೂ ಬೇಸರ. 'ಕೊ' ಎಂಬ ಅಕ್ಷರದ ಒ-ಸ್ವರದ ಚಿಹ್ನೆ ಕಂಪ್ಯೂಟರಿನ ಒಳಗೆ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಒಂದು, ಊ-ಸ್ವರದ ಕೊಂಬು ಒಂದು ಎಂದು ಎರಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಪೆಟ್ಟಿಗೆಗೆ ಬೇರೆ ಬೇರೆ ಆಗಿಬಿಡಬಹುದು. ಮೊಬೈಲಿನ ಕೀಲಿಮಣೆಯಲ್ಲಿ ತೆರೆದದ್ದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯದೆ ಹೋಗಬಹುದು. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಯಾವ ಅಕ್ಷರಕ್ಕೆ ಯಾವುದು ಎಂದು ಮೊದಲೇ ನಿಶ್ಚಯಿಸಿ, ಬಾಯಿಗೆ ಬರುವವರೆಗೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ನಾನು ಬಳಸುವುದು ಕೀಪಾಸ್ ಪಂಗಡದ ತಂತ್ರಾಂಶ. ಬ್ಯಾಂಕಿನ ನೀರು ಕುಡಿದ ಸಂಶಯಪ್ರಾಣಿ ನಾನು, ನನ್ನ ಪೆಟ್ಟಿಗೆಯನ್ನು ಎಲ್ಲಿಡಬೇಕು ಎಂಬುದನ್ನು ನಾನೇ ನಿಶ್ಚಯಿಸಬೇಕು. ಕೀಪಾಸ್ 2003ರದು, ಪೂರ್ತಿ ಉಚಿತ. ಕಂಪ್ಯೂಟರಿಗೆ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್ ಮೊಬೈಲಿಗೆ ಕೀಪಾಸ್‌ಡಿಎಕ್ಸ್ ಎಂಬ ಅದರ ದಾಯಾದಿಗಳಿವೆ. ಎಲ್ಲವೂ ಒಂದೇ ಕಡತದಲ್ಲಿ ಇರುತ್ತದೆ. ಆ ಕಡತವನ್ನು ಗೂಗಲ್ ಡ್ರೈವ್‌ನಲ್ಲಿ ಇಟ್ಟು ಧಾರವಾಡದ ಮಗಳ ಜೊತೆ ಹಂಚಿಕೊಂಡಿದ್ದೇನೆ. ತೆರೆಯಲು ಮುಖ್ಯ ಪಾಸ್‌ವರ್ಡ್ ಸಾಲದು, ಜೊತೆಗೆ ಕೀಲಿಕೈ ಕಡತ ಎಂಬ ಇನ್ನೊಂದು ಸಣ್ಣ ಕಡತವೂ ಬೇಕು. ಅದನ್ನು ಅಂತರ್ಜಾಲದಲ್ಲಿ ಕಳಿಸಲಿಲ್ಲ. ಯುಗಾದಿಗೆ ಬಂದಾಗ ಪೆನ್ ಡ್ರೈವಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ಪೆಟ್ಟಿಗೆ ಒಂದು ಬಸ್ಸಿನಲ್ಲಿ ಹೋಯಿತು, ಕೀಲಿಕೈ ಇನ್ನೊಂದರಲ್ಲಿ. ಆದರೆ ನಿಮ್ಮ ಅಂಗಡಿಗೆ ಇದನ್ನು ಸೂಚಿಸುವುದಿಲ್ಲ. ನಾಲ್ವರು ಒಂದೇ ಕಡತವನ್ನು ಒಂದೇ ಹೊತ್ತಿಗೆ ತಿದ್ದಿದರೆ ಎರಡು ಮೂರು ಪ್ರತಿಗಳಾಗಿ, ಯಾವುದು ಹೊಸದು ಎಂಬ ಜಗಳ ಹುಟ್ಟುತ್ತದೆ. ಅಂಗಡಿಗೆ ಬಿಟ್‌ವಾರ್ಡನ್ನಿನಂಥದೇ ಸರಿ.

ಒಂದೇ ಒಂದು ಸಲ, ಒಬ್ಬರಿಗೆ ಏನನ್ನೋ ಕಳಿಸಬೇಕು, ಉದಾಹರಣೆಗೆ ಲೆಕ್ಕಪರಿಶೋಧಕರಿಗೆ, ಎಂದಾಗ ಕಾಗದಪತ್ರವನ್ನು ಸೆವೆನ್-ಜಿಪ್ ಎಂಬ ಕಡತ ಕಟ್ಟುವ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಮುಚ್ಚಿ ಇ-ಮೇಲ್ ಮಾಡಿ, ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಂದ ಹೇಳಿ. ಬರೀ ಒಂದು ಸಾಲಿನ ಗುಟ್ಟಾದರೆ ಬಿಟ್‌ವಾರ್ಡನ್ನಿನಲ್ಲೇ 'ಸೆಂಡ್' ಎಂಬುದಿದೆ: ಒಮ್ಮೆ ತೆರೆದ ಮೇಲೆ, ಅಥವಾ ನೀವು ಹೇಳಿದ ದಿನ ಕಳೆದ ಮೇಲೆ ಆ ಕೊಂಡಿ ಸತ್ತುಹೋಗುತ್ತದೆ.

ಪ್ರಶ್ನೆ: ಎಲ್ಲ ಪಾಸ್‌ವರ್ಡ್‌ಗಳನ್ನು ಡೈರಿಯಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟಿದ್ದೇನೆ. ಮೊಮ್ಮಗಳು ನಗುತ್ತಾಳೆ. ತಪ್ಪೇ?
— ನಿವೃತ್ತ ಶಿಕ್ಷಕರು, ಜಮಖಂಡಿ

ಉತ್ತರ: ತಪ್ಪಲ್ಲ ಗುರುಗಳೇ. ಹೊರದೇಶದಲ್ಲಿ ಕುಳಿತ ಕಳ್ಳನ ಕೈ ನಿಮ್ಮ ಟ್ರಂಕಿಗೆ ಮುಟ್ಟುವುದಿಲ್ಲ. ಎರಡು ಖಾತೆಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಮಾತ್ರ ಬದಲಾಯಿಸಿ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಬದಲಿಸಬೇಕೆಂಬ ಹಳೆಯ ಕಟ್ಟಳೆಯನ್ನು ಬಿಟ್ಟುಬಿಡಿ. ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ, ಸೋರಿದ ಗುಮಾನಿ ಇಲ್ಲದೆ ಬದಲಾಯಿಸಲು ಜನರನ್ನು ಪೀಡಿಸಬೇಡಿ ಎಂದಿತು. ಮೊಮ್ಮಗಳನ್ನು ಅವಳ ಪಾಸ್‌ವರ್ಡ್‌ಗಳು ಎಲ್ಲಿವೆ ಎಂದು ಕೇಳಿ. ಬ್ರೌಸರ್‌ನಲ್ಲಿ ಎನ್ನುತ್ತಾಳೆ. ಅವಳ ಮೊಬೈಲಿನ ಪಿನ್ ಗೊತ್ತಿರುವ ಗೆಳತಿಯರು ಎಷ್ಟು ಜನ ಎಂದೂ ಕೇಳಿ.

ಪ್ರಶ್ನೆ: ಸರ್, ಅರ್ಜಿ ಹಾಕುವಾಗ ಆಧಾರ್, ಅಂಕಪಟ್ಟಿಗಳನ್ನು ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸುತ್ತೇನೆ. ಒಮ್ಮೆ ಅವರ ಕಂಪ್ಯೂಟರಿನಲ್ಲಿ ನನ್ನ ವಾಟ್ಸ್‌ಆ್ಯಪ್ ತೆರೆದಿದ್ದೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದೇ ಇದೆಯಲ್ಲ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಆ ಪಾಸ್‌ವರ್ಡ್ ಏನು ಹೇಳು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ನಿನ್ನದಷ್ಟೇ ಅಲ್ಲ, ದೇಶದ ಎಲ್ಲರದೂ ಹಾಗೆಯೇ. ಅಂಗಡಿಯವನಿಗೆ ನಿನ್ನ ಅಂಕಪಟ್ಟಿಯೂ ಸಿಕ್ಕಿರುವಾಗ ಅದು ಗುಟ್ಟೇ ಅಲ್ಲ. ಕೀಲಿಕೈಯನ್ನು ಕೀಲಿಗೇ ಕಟ್ಟಿ ತೂಗುಹಾಕಿದ ಹಾಗೆ. ಆಧಾರ್ ಜಾಲತಾಣದಿಂದ ಕೊನೆಯ 4 ಅಂಕಿ ಮಾತ್ರ ಕಾಣುವ, ಉಳಿದವನ್ನು ಮರೆಮಾಡಿದ ಪ್ರತಿಯನ್ನು ಇಳಿಸಿಕೊ. ಪೂರ್ತಿ ಸಂಖ್ಯೆ ಬೇಕೆಂದು ಅರ್ಜಿಯಲ್ಲಿ ಕೇಳದಿದ್ದರೆ ಅದನ್ನೇ ಕೊಡು. ಈಗಲೇ ವಾಟ್ಸ್‌ಆ್ಯಪ್‌ನಲ್ಲಿ 'ಲಿಂಕ್ ಮಾಡಿದ ಸಾಧನಗಳು' ತೆರೆದು ನೋಡು. ನಿನ್ನದಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕು. ಸಾಧ್ಯವಾದರೆ ಪೆನ್ ಡ್ರೈವ್ ಒಯ್ದು, ಪ್ರಿಂಟ್ ಆದ ಮೇಲೆ ಅವರ ಕಂಪ್ಯೂಟರಿನಲ್ಲಿ ಪ್ರತಿ ಉಳಿದಿದೆಯೇ ಎಂದು ಕೇಳು. ಕೇಳಿದರೆ ಬೈಯುವ ಅಂಗಡಿಯಾದರೆ ಮುಂದಿನ ಸಲ ಪಕ್ಕದ ಅಂಗಡಿ.

ಪ್ರಶ್ನೆ: ಅಣ್ಣಾವರೇ, ನನ್ನ ಯಜಮಾನರು ಎರಡು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಎಲ್ಲ ಲೆಕ್ಕ ಅವರ ಮೊಬೈಲಿನಲ್ಲಿತ್ತು. ಅದರ ಲಾಕ್ ನನಗೆ ಗೊತ್ತಿಲ್ಲ. ಅಂಗಡಿಯವರು 500 ರೂಪಾಯಿ ಕೊಟ್ಟರೆ ಲಾಕ್ ತೆಗೆಯುತ್ತೇವೆ ಎನ್ನುತ್ತಾರೆ. ಎಟಿಎಂ ಪಿನ್ ಮಗನಿಗೆ ಗೊತ್ತಿದೆ, ಹಣ ತೆಗೆದುಬಿಡಿ ಎಂದು ನೆಂಟರು ಹೇಳುತ್ತಾರೆ.
— ಮುಧೋಳದ ಒಬ್ಬ ತಾಯಿ

ಉತ್ತರ: ತಂಗಿ, ಮೊಬೈಲನ್ನು ಅಂಗಡಿಗೆ ಕೊಡಬೇಡಿ. ಅವರು ಲಾಕ್ ತೆಗೆಯುವುದು ಎಂದರೆ ಬಹುಪಾಲು ಒಳಗಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿಕೊಡುವುದು. ಫೋಟೋಗಳೂ ಹೋಗುತ್ತವೆ. ಊಹಿಸಿ ಊಹಿಸಿ ಪಿನ್ ಒತ್ತಲೂ ಬೇಡಿ. ಸಿಮ್‌ಗೆ ಮಾತ್ರ ರೀಚಾರ್ಜ್ ತಪ್ಪಿಸಬೇಡಿ. ಮರಣ ಪ್ರಮಾಣಪತ್ರ ಒಯ್ದು ಆ ನಂಬರನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಕಂಪನಿಯ ಮಳಿಗೆಯಲ್ಲಿ ಕೇಳಿ.

ಎಟಿಎಂ ಕಾರ್ಡನ್ನು ಮುಟ್ಟಬೇಡಿ. ತೀರಿಕೊಂಡವರ ಖಾತೆಯಿಂದ ಹಾಗೆ ಹಣ ತೆಗೆಯುವಂತಿಲ್ಲ. ನಾಳೆ ಇನ್ನೊಬ್ಬ ವಾರಸುದಾರರು ಪ್ರಶ್ನೆ ಎತ್ತಿದರೆ ನಿಮ್ಮದೇ ಹಣಕ್ಕೆ ನೀವು ಉತ್ತರ ಕೊಡುತ್ತ ನಿಲ್ಲಬೇಕಾಗುತ್ತದೆ. ಅಂಥ ಎರಡು ಮನೆಗಳ ಜಗಳ ನನ್ನ ಮೇಜಿನ ಎದುರೇ ನಡೆದಿದೆ. ಪಾಸ್‌ಬುಕ್, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗಿ, ನಾಮಿನಿ ಯಾರು ಎಂದು ಕೇಳಿ. ಠೇವಣಿ, ವಿಮೆ, ಪತ್ತಿನ ಸಂಘದ ಷೇರು ಇವೆಲ್ಲ ಎಲ್ಲೆಲ್ಲಿವೆ ಎಂಬುದು ಮೊಬೈಲಿಲ್ಲದೆಯೂ ಸಿಗುತ್ತದೆ. ಕಳೆದ ಮೂರು ವರ್ಷದ ಖಾತೆ ವಿವರ ತೆಗೆಸಿ. ಪ್ರೀಮಿಯಂ ಎಲ್ಲಿಗೆ ಹೋಗಿದೆ, ಬಡ್ಡಿ ಎಲ್ಲಿಂದ ಬಂದಿದೆ, ಸಾಲು ಸಾಲಾಗಿ ಬೆರಳಿಟ್ಟು ನೋಡಿ. ಮಗನನ್ನು ಜೊತೆಗೆ ಕೂರಿಸಿಕೊಳ್ಳಿ.

ಈ ಪತ್ರ ಓದುತ್ತಿರುವ ಗಂಡಸರಿಗೆ ಇನ್ನೊಂದು ಮಾತು. ಹೆಂಡತಿಗೆ ಪಾಸ್‌ವರ್ಡ್ ಹೇಳಲು ಮನಸ್ಸಿಲ್ಲದಿದ್ದರೆ ಬೇಡ, ಎಲ್ಲಿ ಏನಿದೆ ಎಂಬ ಪಟ್ಟಿಯನ್ನಾದರೂ ಒಂದು ಹಾಳೆಯಲ್ಲಿ ಬರೆದಿಡಿ: ಬ್ಯಾಂಕು, ಶಾಖೆ, ವಿಮೆ, ಸಾಲ ಕೊಟ್ಟದ್ದು, ಸಾಲ ತಂದದ್ದು. ಗೂಗಲ್ ಖಾತೆಯಲ್ಲಿ 'ನಿಷ್ಕ್ರಿಯ ಖಾತೆ ನಿರ್ವಾಹಕ' ಎಂಬ ಸೌಲಭ್ಯವಿದೆ. ನೀವು ಹೇಳಿದಷ್ಟು ಕಾಲ, 3ರಿಂದ 18 ತಿಂಗಳು, ಖಾತೆ ಅಲುಗಾಡದಿದ್ದರೆ ನೀವು ಹೆಸರಿಸಿದವರಿಗೆ ಅದು ಸುದ್ದಿ ಮುಟ್ಟಿಸಿ, ನೀವು ಒಪ್ಪಿದ್ದನ್ನು ಅವರಿಗೆ ಬಿಟ್ಟುಕೊಡುತ್ತದೆ. ಬಿಟ್‌ವಾರ್ಡನ್ನಿನ ಹಣ ಕೊಡುವ ಯೋಜನೆಯಲ್ಲೂ ಇಂಥದೊಂದಿದೆ: ಹೆಂಡತಿ ಪೆಟ್ಟಿಗೆ ಕೇಳಿದರೆ ನೀವು ನಿಗದಿ ಮಾಡಿದಷ್ಟು ದಿನ ಅದು ಕಾಯುತ್ತದೆ, ನೀವು ಬದುಕಿದ್ದರೆ ಬೇಡ ಎನ್ನಬಹುದು, ಸುಮ್ಮನಿದ್ದರೆ ತೆರೆಯುತ್ತದೆ. ಆದರೆ ಇವನ್ನು ಬದುಕಿದ್ದಾಗಲೇ ಮಾಡಿಡಬೇಕು. ನಾನೇನು ಸಾಚಾ ಅಲ್ಲ. 2019ರಲ್ಲಿ ಹಳೆಯ ಮೊಬೈಲನ್ನು ಅಳಿಸಿ ಅಳಿಯನಿಗೆ ಕೊಟ್ಟೆ. ಇ-ಮೇಲ್‌ಗೆ ಬೇಕಾದ ಎರಡನೇ ಹಂತದ ಸಂಕೇತ ಬರುತ್ತಿದ್ದ ಆ್ಯಪ್ ಅದರಲ್ಲೇ ಇತ್ತು. ಆ್ಯಪ್ ಕೈತಪ್ಪಿದಾಗ ಬಳಸುವ ಹತ್ತು ಬದಲಿ ಸಂಕೇತಗಳನ್ನು ಬರೆದಿಟ್ಟಿರಲಿಲ್ಲ. ಮೂರು ವಾರ ನನ್ನದೇ ಮನೆಯ ಹೊರಗೆ ನಿಂತೆ. ಈಗ ಆ ಹತ್ತು ಸಂಕೇತಗಳ ಚೀಟಿ ಪಡಿತರ ಚೀಟಿಯ ಜೊತೆಗೇ ಇದೆ, ಹೆಂಡತಿಗೆ ಗೊತ್ತಿದೆ.

ಪ್ರಶ್ನೆ: ನನ್ನ ಪಾಸ್‌ವರ್ಡನ್ನು ಕೆಳಗೆ ಬರೆದಿದ್ದೇನೆ. ಗಟ್ಟಿಯಾಗಿದೆಯೇ ನೋಡಿ ಹೇಳಿ.
— ಓದುಗರು, ಬೆಳಗಾವಿ (ಅಂಚೆ ಕಾರ್ಡಿನಲ್ಲಿ)

ಉತ್ತರ: ಡಬ್ಬಿಗೆ ಹಾಕುವವರೆಗೆ ಗಟ್ಟಿಯಾಗಿತ್ತು. ಇವತ್ತೇ ಬದಲಾಯಿಸಿ. ಕಾರ್ಡನ್ನು ಒಲೆಗೆ ಹಾಕಿದ್ದೇನೆ. ಆದರೆ ಅದನ್ನು ಕೈಗಿಡುವಾಗ ನಮ್ಮ ಅಂಚೆಯಣ್ಣ ಕೇಳಿದ: "ಸಾಹೇಬರೇ, ಇಷ್ಟು ಉದ್ದ ಇದ್ದರೆ ಸಾಕೇ?"